ಬೆಂದದ್ದು, ಬೇಯಿಸಿದ್ದು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಹೊಳೆನರಸೀಪುರದಲ್ಲಿ ಕೆಲಸಕ್ಕೆ ಸೇರಿದೆ, ಹನ್ನೊಂದು ವರ್ಷ ಅರಕಲಗೂಡು ಸೀಮೆಯಲ್ಲಿ ಕಳೆದೆ, ಚನ್ನರಾಯಪಟ್ಟಣದಲ್ಲಿ ನಿವೃತ್ತನಾದೆ. ಈಗ ಹಾಸನದ ಮನೆಯಲ್ಲಿ ಕೂತು ಹಿಂದಿನದನ್ನೆಲ್ಲ ನೆನೆಯುವಾಗ ಬೇರಾವ ಪಾಠಕ್ಕಿಂತ ಹೆಚ್ಚಾಗಿ ಕ್ರಿಯಾಪದದ ಪಾಠ ಮನಸ್ಸನ್ನು ಕೊರೆಯುತ್ತದೆ. ಮಕ್ಕಳಿಗೆ ಮೊದಲೇ ಗೊತ್ತಿದ್ದ ವಿಷಯವನ್ನು ಅವರಿಗೆ ಏನೇನೂ ಗೊತ್ತಿಲ್ಲವೆಂಬಂತೆ ಹೇಳಿಕೊಟ್ಟೆ.

ನನ್ನ ತರಗತಿಯ ಗೋಡೆಯ ಮೇಲೆ ಮೂರು ಕಾಲಮ್ಮಿನ ಪಟ್ಟಿ ಇರುತ್ತಿತ್ತು. ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ದಿನಕ್ಕೆ ಹತ್ತು ಬಾಯಿಪಾಠ, ತಪ್ಪಿದವರಿಗೆ ಬೆತ್ತ. ವಾಕ್, ವಾಕ್ಡ್ ಎಂದು ನೆಟ್ಟಗೆ ನಡೆಯುವ ಕ್ರಿಯಾಪದಗಳ ಜೊತೆ ಈ ಅಡ್ಡಾದಿಡ್ಡಿ ಕ್ರಿಯಾಪದಗಳು ಯಾಕಿವೆ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ 'ಇಂಗ್ಲಿಷ್ ಇರೋದೇ ಹಾಗೆ, ಕೂತ್ಕೊ' ಅಂದಿದ್ದೆ. ಆ ಹುಡುಗ ಅಂದು ಬೆಳಿಗ್ಗೆಯಿಂದ 'ಬಂದೆ, ತಂದೆ, ಕೊಟ್ಟೆ, ಹೋದೆ' ಎಂದು ಎಷ್ಟು ಸಲ ಹೇಳಿದ್ದನೋ. ಮಾಡು ಎಂಬುದು ಮಾಡಿದೆ ಆಗುತ್ತದೆ, ಬರು ಎಂಬುದು ಬರಿದೆ ಆಗುವುದಿಲ್ಲ. ದಿನಕ್ಕೆ ನೂರು ಸಲ ನಾಲಿಗೆಯ ಮೇಲೆ ಓಡಾಡುವ ಮಾತು ತನ್ನ ಹಳೆಯ ರೂಪವನ್ನು ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲೂ ಅಷ್ಟೇ, ಇಂಗ್ಲಿಷಿನಲ್ಲೂ ಅಷ್ಟೇ. ಎರಡು ನಿಮಿಷದಲ್ಲಿ ಹೇಳಬಹುದಾಗಿದ್ದನ್ನು ಹೇಳದೆ ಬೆತ್ತ ಹಿಡಿದೆ.

ಅರಕಲಗೂಡು ಕಡೆಯ ಒಬ್ಬ ಹುಡುಗಿಯ ವಿಷಯ ಇದಕ್ಕಿಂತ ಭಾರ. ಮನೆಯ ಬಗ್ಗೆ ಐದು ವಾಕ್ಯ ಹೇಳು ಅಂದಾಗ ಎದ್ದು ನಿಂತು, 'ಮೈ ಫಾದರ್ ಈಸ್ ಹ್ಯಾವಿಂಗ್ ಟೂ ಎಕರ್ಸ್' ಅಂದಳು. ನಾನು ನಕ್ಕೆ. ನಾನು ನಕ್ಕದ್ದರಿಂದ ತರಗತಿಯೆಲ್ಲ ನಕ್ಕಿತು. ಆಮೇಲೆ ಆ ವರ್ಷವಿಡೀ ಅವಳು ತಾನಾಗಿ ಎದ್ದು ಮಾತಾಡಲಿಲ್ಲ.

ಅವಳ ತಪ್ಪಿಗೆ ಲೆಕ್ಕವಿತ್ತು. 'ನಮ್ಮಪ್ಪನಿಗೆ ಎರಡು ಎಕರೆ ಇದೆ' ಎಂಬುದು ಅವಳ ಮನಸ್ಸಿನ ವಾಕ್ಯ. ಹ್ಯಾವ್ ಎಂಬುದಕ್ಕೆ ಸರಿಸಮನಾದ ಕ್ರಿಯಾಪದ ನಮ್ಮ ಆಡುಮಾತಿನಲ್ಲಿಲ್ಲ. ನಾವು ಹೊಲವನ್ನು ಹೊಂದುವುದಿಲ್ಲ, ನಮಗೆ ಹೊಲ ಇರುತ್ತದೆ. ಅದೇ 'ಇದೆ' ಎಂಬ ಮಾತು 'ಮಳೆ ಬರ್ತಾ ಇದೆ' ಎಂಬಲ್ಲಿಯೂ ಬರುತ್ತದೆ. ಹಾಗಾಗಿ ಅವಳು ಮಳೆಗೆ ಹಾಕಿದ ಅಚ್ಚನ್ನೇ ಹೊಲಕ್ಕೂ ಹಾಕಿದಳು. ಆದರೆ ಇಂಗ್ಲಿಷ್ ಇಲ್ಲಿ ಎರಡು ಜಾತಿ ಮಾಡುತ್ತದೆ. ಓಡುವುದು, ಉಳುವುದು, ಬರೆಯುವುದು ನಡೆಯುತ್ತಿರುವ ಕೆಲಸ, ಅವಕ್ಕೆ ಇಂಗ್ ಸೇರುತ್ತದೆ. ಆಸ್ತಿ ಇರುವುದು, ಗೊತ್ತಿರುವುದು, ಬೇಕಾಗಿರುವುದು ಸ್ಥಿತಿ, ಅವಕ್ಕೆ ಸಾಮಾನ್ಯವಾಗಿ ಸೇರುವುದಿಲ್ಲ. ಕನ್ನಡವೂ ಈ ಸ್ಥಿತಿಗಳನ್ನು ಬೇರೆಯಾಗಿಯೇ ನೋಡುತ್ತದೆ: ನಾನು ಓಡುತ್ತೇನೆ, ಆದರೆ ನನಗೆ ಗೊತ್ತು, ನನಗೆ ಬೇಕು. 'ನನಗೆ' ಎಂದು ಬಂದ ಕಡೆ ಇಂಗ್ ಹಾಕುವ ಮುನ್ನ ಒಂದು ಕ್ಷಣ ನಿಲ್ಲಿ ಎಂದಿದ್ದರೆ ಆ ಮಕ್ಕಳಲ್ಲಿ ಎಷ್ಟೋ ಜನ ಈ ತಪ್ಪನ್ನು ದಾಟಿಬಿಡುತ್ತಿದ್ದರು. ನನಗಾಗ ಅದು ಹೊಳೆದಿರಲಿಲ್ಲ, ಹುಡುಕುವ ಶ್ರಮವನ್ನೂ ಪಡಲಿಲ್ಲ.

ಮಕ್ಕಳ ಮನೆಮಾತಿನಲ್ಲೇ ವ್ಯಾಕರಣವಿದೆ ಎಂದು ಹೊಳೆದದ್ದು ತಂಬಾಕಿನ ಎಲೆ ಹದ ಮಾಡುವ ಬ್ಯಾರನ್ ಮುಂದೆ. ತಂಬಾಕು ಬೇಯಿಸುವ ತಿಂಗಳುಗಳಲ್ಲಿ ಅರಕಲಗೂಡು ಸೀಮೆಯ ಶಾಲೆಗಳಲ್ಲಿ ಹಾಜರಿ ಇಳಿಯುತ್ತಿತ್ತು. ವಾರದಿಂದ ಬಾರದ ಹುಡುಗನೊಬ್ಬನನ್ನು ಕರೆಯಲು ಅವನ ಊರಿಗೆ ಹೋಗಿದ್ದೆ. ಅವನ ತಾಯಿ ಬ್ಯಾರನ್ ಒಲೆಗೆ ಸೌದೆ ತಳ್ಳುತ್ತಾ, 'ಇನ್ನೂ ಬೆಂದಿಲ್ಲ ಮೇಷ್ಟ್ರೇ, ಇವತ್ ರಾತ್ರಿನೂ ಬೇಯಿಸ್ಬೇಕು. ನಂಗೆ ಕಣ್ ಎಳೀತದೆ, ಇವ್ನ ಕೈಲೇ ಬೆಂಕಿ ಹಾಕಿಸ್ಬೇಕು' ಅಂದರು. ಬೆಂದಿಲ್ಲ, ಬೇಯಿಸಬೇಕು, ಹಾಕಿಸಬೇಕು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ ಒಂದೇ ಉಸಿರಿನಲ್ಲಿ ಅಕರ್ಮಕ, ಸಕರ್ಮಕ, ಪ್ರೇರಣಾರ್ಥಕ ಮೂರನ್ನೂ ಹೇಳಿದ್ದರು. ನಾನು ಇಡೀ ವಾರ ಕಪ್ಪುಹಲಗೆ ತುಂಬಿಸಿ ಹೇಳುತ್ತಿದ್ದ ಪಾಠ ಅದು.

ಇಂಗ್ಲಿಷಿನಲ್ಲಿ 'ಬಾಯ್ಲ್' ನೀರಿನ ಕೆಲಸವೂ ಹೌದು, ಅಮ್ಮನ ಕೆಲಸವೂ ಹೌದು, ಪದ ಬದಲಾಗುವುದಿಲ್ಲ. ಕನ್ನಡದಲ್ಲಿ ನೀರು ಕುದಿಯುತ್ತದೆ, ಅಮ್ಮ ಕುದಿಸುತ್ತಾಳೆ. 'ಇಸು' ಎಂಬ ಪುಟ್ಟ ಪ್ರತ್ಯಯ ಯಾರು ಮಾಡಿದರು, ಯಾರು ಮಾಡಿಸಿದರು ಎಂಬುದನ್ನು ತೋರಿಸಿಬಿಡುತ್ತದೆ. 'ಕಟಿಂಗ್ ಮಾಡಿಸಿಕೊಂಡೆ' ಎನ್ನಲು ನಮ್ಮ ಮಕ್ಕಳು 'ಐ ಕಟ್ ಮೈ ಹೇರ್' ಎನ್ನುವುದು ಆ 'ಇಸು' ಕಳೆದುಹೋದಾಗ. ಅದನ್ನು ಹಿಡಿದುಕೊಳ್ಳಲು ಇಂಗ್ಲಿಷ್ 'ಹ್ಯಾಡ್' ಎಂಬ ಇನ್ನೊಂದು ಕ್ರಿಯಾಪದವನ್ನು ಕರೆದು, ಕೂದಲನ್ನು ನಡುವೆ ಕೂರಿಸುತ್ತದೆ: ಐ ಹ್ಯಾಡ್ ಮೈ ಹೇರ್ ಕಟ್.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ನನ್ನ ಪಕ್ಕದ ಕೋಣೆಯಲ್ಲಿ ಕನ್ನಡ ಪಂಡಿತರು ಇದೇ ಮಕ್ಕಳಿಗೆ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಹೇಳಿಕೊಡುತ್ತಿದ್ದರು. 'ಮಳೆ ಬಂದೀತು' ಎಂದು ಅಲ್ಲಿ ಕಲಿತು ಬಂದ ಮಗುವಿಗೆ ನಾನು 'ಮೇ', 'ಮೈಟ್' ಎಂದು ಹೊಸದಾಗಿ ಶುರುಮಾಡುತ್ತಿದ್ದೆ. ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತು ವರ್ಷಗಟ್ಟಲೆ ಟೀ ಕುಡಿದೆವು. ಅವರ ಪಾಠವೇನು ಎಂದು ಒಂದು ದಿನವೂ ನಾನು ಕೇಳಲಿಲ್ಲ. ಇಂಗ್ಲಿಷ್ ಮೇಷ್ಟ್ರೆಂಬ ಹೆಮ್ಮೆ ಅಡ್ಡ ನಿಂತಿತ್ತು. ಕನ್ನಡಕ್ಕೆ ಕ್ರಿಯಾಪದದ ಪಾಠ ಹೊಸತೇನಲ್ಲ: ಹೊಯ್ಸಳರ ಕಾಲದ ವೈಯಾಕರಣ ಕೇಶಿರಾಜ 13ನೇ ಶತಮಾನದಲ್ಲೇ ತನ್ನ ವ್ಯಾಕರಣ ಗ್ರಂಥ 'ಶಬ್ದಮಣಿದರ್ಪಣ'ದಲ್ಲಿ ಆಖ್ಯಾತಕ್ಕೊಂದು, ಅಂದರೆ ಕ್ರಿಯಾಪದಕ್ಕೊಂದು, ಅದರ ಮೂಲವಾದ ಧಾತುವಿಗೊಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಹೊಯ್ಸಳರ ರಾಜಧಾನಿ ದೋರಸಮುದ್ರವಿದ್ದದ್ದು ನಮ್ಮ ಜಿಲ್ಲೆಯ ಹಳೇಬೀಡಿನಲ್ಲಿ. ಆ ಪುಸ್ತಕವನ್ನು ನಾನು ತೆರೆದದ್ದು ನಿವೃತ್ತಿಯ ನಂತರ.

1908ರಲ್ಲಿ ಹಾಸನದಲ್ಲಿ ಹುಟ್ಟಿದ ಇಂಗ್ಲಿಷ್ ಕಾದಂಬರಿಕಾರ ರಾಜಾರಾವ್ ಹೆಸರನ್ನು ಮಾತ್ರ ತರಗತಿಯಲ್ಲಿ ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆ. 1938ರ 'ಕಾಂತಾಪುರ'ದಲ್ಲಿ ಅವರು ಹಳ್ಳಿಯ ಅಜ್ಜಿಯೊಬ್ಬಳಿಂದ ಇಂಗ್ಲಿಷಿನಲ್ಲಿ ಕಥೆ ಹೇಳಿಸಿದರು. ಅದನ್ನು ಹೇಳಿದ ಉಸಿರಿನಲ್ಲೇ, 'ಕನ್ನಡವನ್ನು ಬಾಗಿಲಾಚೆ ಬಿಟ್ಟು ಬನ್ನಿ' ಎಂದು ಮಕ್ಕಳಿಗೆ ಅಪ್ಪಣೆ ಕೊಡುತ್ತಿದ್ದೆ.

ಚನ್ನರಾಯಪಟ್ಟಣದ ಕೊನೆಯ ಎರಡು ವರ್ಷ ಬೇರೆ ದಾರಿ ಹಿಡಿದೆ. ಗೋಡೆಯ ಪಟ್ಟಿ ತೆಗೆದು, ಮಕ್ಕಳಿಂದ ಮೊದಲು ಕನ್ನಡ ವಾಕ್ಯ ಹೇಳಿಸಿದೆ. 'ನಮ್ಮಮ್ಮ ಟೀಚರು' ಎಂಬಲ್ಲಿ ಕ್ರಿಯಾಪದ ಎಲ್ಲಿದೆ ಎಂದು ಕೇಳಿದಾಗ ಹುಡುಕಿ ಹುಡುಕಿ ಇಲ್ಲವೆಂದರು. ಇಂಗ್ಲಿಷಿಗೆ ಅಲ್ಲೊಂದು 'ಈಸ್' ಬೇಕೇಬೇಕು ಎಂಬುದನ್ನು ಆಮೇಲೆ ಹೇಳಬೇಕಾಗಲಿಲ್ಲ, ತಾವೇ ಹಾಕಿದರು.

ಹಾಸನ ಜಿಲ್ಲೆಯ ಇಂಗ್ಲಿಷ್ ಮೇಷ್ಟ್ರುಗಳೇ, ಮೇಡಮ್ಮುಗಳೇ, ನಾಳೆ ಕ್ರಿಯಾಪದದ ಪಾಠವಿದ್ದರೆ ಇಂದೇ ನಿಮ್ಮ ಶಾಲೆಯ ಕನ್ನಡ ಮೇಷ್ಟ್ರ ಪಕ್ಕ ಹೋಗಿ ಕೂತುಕೊಳ್ಳಿ. ಹಿಂದಿನ ಬೆಂಚಿನ ಹುಡುಗಿ ತಪ್ಪು ವಾಕ್ಯ ಹೇಳಿದರೆ ದಯವಿಟ್ಟು ನಗಬೇಡಿ. ಅದನ್ನೇ ಕನ್ನಡದಲ್ಲಿ ಹೇಳಮ್ಮ ಎಂದು ಕೇಳಿ.