ಹಾಲೆಮರದ ಭರಣಿ

ಚನ್ನಪಟ್ಟಣದ ಬಣ್ಣದ ಸಾಮಾನುಗಳಿಗೆ ಸಾಂಪ್ರದಾಯಿಕವಾಗಿ ಬಳಸುವುದು ಹಾಲೆಮರ. ಬಿಳುಪಾದ, ನಯವಾದ, ಮೆದು ಮರ. ಹಸಿಯಾಗಿ ಕಡೆದರೋ, ಒಣಗುತ್ತ ಸೊಟ್ಟಗಾಗಿ ಮುಚ್ಚಳವೇ ಕೂರುವುದಿಲ್ಲ. ಅದಕ್ಕೇ ಮೊದಲು ಚೆನ್ನಾಗಿ ಒಣಗಿಸುತ್ತಾರೆ. ಗರಗರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ಕುಂಚದ ಮಾತೇ ಇಲ್ಲ. ಮೇಲೆ ಕೇದಗೆಯ ಗರಿ ಹಿಡಿದರೆ ಹೊಳಪು. ಎಷ್ಟು ಹೊತ್ತು ನೋಡಿದರೂ ನನಗೆ ಬೇಸರವಾಗದ ಕೆಲಸ ಇದು.

ಅಮ್ಮನ ಕುಂಕುಮದ ಭರಣಿ ಅಲ್ಲಿಯದೇ. 1994ರಲ್ಲಿ ಅಪ್ಪ ಹೋದ ಮೇಲೆ ದೊಡ್ಡ ಸೋದರತ್ತೆ, "ಇನ್ನು ನಿನಗೇತಕ್ಕಮ್ಮ ಅದು? ಸೊಸೆಗೆ ಕೊಟ್ಟುಬಿಡು" ಎಂದರು. ಅಮ್ಮ ಎದುರಾಡಲಿಲ್ಲ. ಭರಣಿಯನ್ನು ಬರಿದು ಮಾಡಿ, ಕಾಳುಮೆಣಸು ತುಂಬಿ, ಅರಗಿಗೆ ಶಾಖ ತಗಲದಂತೆ ಒಲೆಯಿಂದಾಚೆ ಕಿಟಕಿಯ ಗೂಡಿನಲ್ಲಿಟ್ಟಳು. ಸಾರಿಗೆ, ಪೊಂಗಲಿಗೆ, ನಮ್ಮ ನೆಗಡಿಯ ಕಷಾಯಕ್ಕೆ ಅಂತ ದಿನಕ್ಕೆ ಎರಡು ಸಲವಾದರೂ ಅದು ಅವಳ ಕೈಗೆ ಬರುತ್ತಿತ್ತು. ಬಂದ ಅತ್ತೆಯೂ ಆ ಸಾರು ಉಂಡರು.

ಭರಣಿ ಈಗ ನನ್ನಲ್ಲಿದೆ. ಒಳಗೆ ಅರಗಿಲ್ಲದ ಬರಿಯ ಮರ, ವರ್ಷಗಟ್ಟಲೆ ಕುಂಕುಮ ಕುಡಿದದ್ದು. ಮೆಣಸು ಸುರಿದು ನೋಡಿದೆ. ತಳ ಇನ್ನೂ ಕೆಂಪಗಿತ್ತು.