ಹಿಮಪಾದುಕೆಯ ಮೇಲೆ ಒಂದು ಮೈಲಿ

ಮೂವತ್ತು ವರ್ಷಕಾಲ ನಾನು ಹೈಸ್ಕೂಲಿನ ಮಕ್ಕಳಿಗೆ ಸಂಸ್ಕೃತ ಕಲಿಸಿದೆನು. ಅಮರಕೋಶದಲ್ಲಿ ಹಿಮಕ್ಕೆ ಏಳು ಹೆಸರುಗಳುಂಟು. ತುಷಾರ, ತುಹಿನ, ಪ್ರಾಲೇಯ ಮೊದಲಾದ ಅವನ್ನೆಲ್ಲ ಬಾಯಿಪಾಠ ಮಾಡಿಸಿದ್ದೇನೆ. ಒಮ್ಮೆ ಹುಡುಗನೊಬ್ಬನು ಎದ್ದುನಿಂತು, “ಸಾರ್, ಹಿಮದ ಮೇಲೆ ನಡೆದರೆ ಕಾಲು ಹೂತುಹೋಗುತ್ತದೆಯೆ?” ಎಂದು ಕೇಳಿದನು. ಹಿಮವನ್ನೇ ಕಾಣದಿದ್ದ ನಾನು, “ಅಧಿಕಪ್ರಸಂಗ ಬೇಡ, ಅರ್ಥ ಬರೆದುಕೊ” ಎಂದು ಗದರಿಸಿ ಕೂರಿಸಿದೆನು.

2023ನೆಯ ಇಸವಿಯ ಫೆಬ್ರವರಿಯಲ್ಲಿ, ಅಮೆರಿಕಾ ದೇಶದ ಡೆನ್ವರ್ ನಗರದಲ್ಲಿರುವ ನನ್ನ ಮಗನು ನನ್ನನ್ನು ರಾಕಿ ಪರ್ವತಗಳ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ದನು. ಮೋಟಾರು ದಾರಿಯು ಬೇರ್ ಲೇಕ್ ಎಂಬ ಸರೋವರದ ಬಳಿ ಮುಗಿಯುತ್ತದೆ. ಅಲ್ಲಿಂದ ಡ್ರೀಮ್ ಲೇಕ್, ಎಂದರೆ ಸ್ವಪ್ನಸರೋವರಕ್ಕೆ, ಒಂದು ಮೈಲಿಗಿಂತ ತುಸು ಹೆಚ್ಚು. ಏರು ಸುಮಾರು 400 ಅಡಿ. ಇದೇನು ಮಹಾ ಎಂದುಕೊಂಡೆನು. ಆದರೆ ನಾವು ಹೊರಟ ಸ್ಥಳವೇ ಸುಮಾರು 9,500 ಅಡಿ ಎತ್ತರದ್ದು, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ 3,000 ಅಡಿ ಮೇಲೆ. ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು.

ಕಾಲಿಗೆ ಕಟ್ಟಿಕೊಂಡದ್ದಕ್ಕೆ ಅಲ್ಲಿಯವರು ಸ್ನೋಶೂ ಎನ್ನುತ್ತಾರೆ. ನಾನು ಹಿಮಪಾದುಕೆ ಎಂದು ಹೆಸರಿಟ್ಟುಕೊಂಡೆನು. ಹಿಂದೆ ಬಗ್ಗಿಸಿದ ಮರದ ಚೌಕಟ್ಟಿಗೆ ತೊಗಲಿನ ಬಾರುಗಳನ್ನು ಹೆಣೆದು ಮಾಡುತ್ತಿದ್ದರಂತೆ. ನಮ್ಮವು ಅಲ್ಯುಮಿನಿಯಮ್ಮಿನವು, ಅಡಿಯಲ್ಲಿ ಮುಳ್ಳುಗಳಿದ್ದವು. ಕೆಸರುಗದ್ದೆಯ ಮೇಲೆ ಹಲಗೆ ಹಾಕಿ ದಾಟುವ ಯುಕ್ತಿಯೇ ಇಲ್ಲಿಯದೂ: ಮೈಭಾರವು ಅಗಲಕ್ಕೆ ಹರಡಿ, ಕಾಲು ಮುಳುಗದು. ಆದರೆ ಕಾಲಗಲಿಸಿ ಬಾತುಕೋಳಿಯಂತೆ ನಡೆಯಬೇಕು. ಪಂಚೆಯುಟ್ಟು ಪಾಠ ಹೇಳಿದ ಗಾಂಭೀರ್ಯವೆಲ್ಲ ಅಲ್ಲಿ ಕರಗಿತು.

ಫರ್ ಮರಗಳ ನಡುವೆ ನಿಶ್ಶಬ್ದ. ಹಿಮವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟದೆ ಸಣ್ಣ ರವೆಯಂತೆ ಉದುರುತ್ತಿತ್ತು. ಸರೋವರದ ಬಳಿ ಮಾತ್ರ ಗಾಳಿಯ ಆರ್ಭಟ! ಅದು ಹಿಮವನ್ನು ಗುಡಿಸಿಹಾಕಿ, ನೀಲಿಯ ಗಾಜಿನಂಥ ಮಂಜುಗಡ್ಡೆಯನ್ನು ಬರಿದುಮಾಡಿತ್ತು. ಒಳಗೆ ಬಿಳಿಯ ಬಿರುಕುಗಳೂ ಗಾಳಿಗುಳ್ಳೆಗಳೂ ಕಾಣುತ್ತಿದ್ದವು. ಎದುರಿಗೆ 12,713 ಅಡಿಯ ಹ್ಯಾಲೆಟ್ ಶಿಖರ. ಮಂಜುಗಡ್ಡೆ ನೀರಿಗಿಂತ ಹಗುರ, ಆದ್ದರಿಂದ ಸರೋವರವು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಕೆಳಗೆ ಟ್ರೌಟ್ ಮೀನುಗಳು ಬದುಕಿರುತ್ತವೆ. ಇದೆಲ್ಲ ತಿಳಿದಿದ್ದರೂ ಅದರ ಮೇಲೆ ಕಾಲಿಡಲು ನನಗೆ ಧೈರ್ಯವಾಗಲಿಲ್ಲ. ಮಗನು ಹತ್ತು ಮಾರು ಹೋಗಿ ಬಂದನು. ಅಷ್ಟು ಹೊತ್ತೂ ನಾನು ಎಣಿಸಿದ್ದು ಅವನ ಹೆಜ್ಜೆಗಳನ್ನು.

ಮುಂದೆ ಇನ್ನೊಂದು ಸರೋವರವುಂಟು. ಆದರೆ ಆ ದಿನ ಕಡಿದಾದ ಇಳಿಜಾರುಗಳಲ್ಲಿ ಹಿಮ ಕುಸಿಯುವ ಭಯವಿದೆಯೆಂದು ಮಗನು ಬೆಳಗ್ಗೆಯೇ ಓದಿಕೊಂಡಿದ್ದನು. “ಅಪ್ಪ, ಇಷ್ಟು ಸಾಕು, ಹಿಂದಿರುಗೋಣ” ಎಂದನು. ನಾನು ಒಂದೇ ಮಾತಿಗೆ ಒಪ್ಪಿದೆನು.

ಇಳಿಯುವಾಗ ಪಾದುಕೆಯ ಪಟ್ಟಿ ಸಡಿಲವಾಯಿತು. ಅದನ್ನು ಕಳಚಿ, ದಾರಿಯ ಪಕ್ಕಕ್ಕೆ ಬರಿಯ ಬೂಟುಗಾಲನ್ನು ಊರಿದೆನು. ಮರುಕ್ಷಣ ಒಂದು ಕಾಲು ಮೇಲೆ, ಇನ್ನೊಂದು ಪಾತಾಳದಲ್ಲಿ! ಮಗನು ಕಂಕುಳಿಗೆ ಕೈಕೊಟ್ಟು ಎಳೆದನು. ಅವನ ನಗು ಮೋಟಾರು ಸೇರುವವರೆಗೂ ನಿಲ್ಲಲಿಲ್ಲ.

ಪ್ರಶ್ನೆ ಕೇಳಿದ ಆ ಹುಡುಗನು ಈಗ ಎಲ್ಲಿರುವನೋ ಅರಿಯೆ. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಉತ್ತರವನ್ನು ಬರೆದುಕೊಳ್ಳಲಿ: ಹೂತುಹೋಗುತ್ತದಪ್ಪ, ತೊಡೆಯವರೆಗೂ.