ಕೆಸರಿನ ಲೆಕ್ಕ

ಕಳೆದ ವರ್ಷ ನಮ್ಮ ತಂಡ ಒಬ್ಬ ಗ್ರಾಹಕರಿಗೆ ಇಂಗಾಲದ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡಿಕೊಟ್ಟಿತು. ಕರೆಂಟು, ಜನರೇಟರಿನ ಡೀಸೆಲ್, ವಿಮಾನದ ಟಿಕೆಟ್ಟು, ಎಲ್ಲಕ್ಕೂ ಒಂದೊಂದು ಕಾಲಂ. ನೆಲಕ್ಕೆ ಮಾತ್ರ ಕಾಲಂ ಇರಲಿಲ್ಲ. ಅದಕ್ಕಾಗಿ ಓದುತ್ತಿದ್ದಾಗಲೇ ಸೈಬೀರಿಯಾ, ಅಲಾಸ್ಕಾಗಳ ಪರ್ಮಾಫ್ರಾಸ್ಟ್ ವಿಷಯ ಕಣ್ಣಿಗೆ ಬಿದ್ದದ್ದು.

ಪರ್ಮಾಫ್ರಾಸ್ಟ್ ಅಂದರೆ ವರ್ಷಗಟ್ಟಲೆ ಕರಗದೆ ಹೆಪ್ಪುಗಟ್ಟಿಯೇ ಇರುವ ನೆಲ. ಸಾವಿರಾರು ವರ್ಷಗಳ ಹುಲ್ಲು, ಬೇರು, ಪ್ರಾಣಿಗಳ ಅವಶೇಷ ಅದರೊಳಗೆ ಕೊಳೆಯದೆ ಉಳಿದಿವೆ. ಉತ್ತರದ ಈ ನೆಲದಲ್ಲಿರುವ ಇಂಗಾಲ ಸುಮಾರು 1.5 ಲಕ್ಷ ಕೋಟಿ ಟನ್; ಇಡೀ ವಾತಾವರಣದಲ್ಲಿ ಇರುವುದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು. ನೆಲ ಕರಗಿತೆಂದರೆ ಸೂಕ್ಷ್ಮಜೀವಿಗಳು ಊಟಕ್ಕೆ ಕೂರುತ್ತವೆ. ಒಣನೆಲದಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ, ನೀರು ನಿಂತಲ್ಲಿ ಮೀಥೇನ್ ಕೂಡ. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನಿನ ಬಿಸಿ ಸುಮಾರು 28 ಪಟ್ಟು ಹೆಚ್ಚು.

ಸಾಂತಾಕ್ರೂಜ್‌ನಲ್ಲಿ ಡಿಸೆಂಬರಿಗೂ ಫ್ಯಾನ್ ಬೇಕು. ಇಲ್ಲಿರುವ ನಮಗೂ ಅದಕ್ಕೂ ಏನು ಸಂಬಂಧ ಅನ್ನಬಹುದು. ಆದರೆ ಅಂಥದೇ ಉಗ್ರಾಣ ನಮ್ಮ ಪಕ್ಕದಲ್ಲೂ ಇದೆ. ವಾಕೋಲಾ ನಾಲೆ ಮೀಠಿ ನದಿಗೆ ಸೇರುತ್ತದೆ, ಮೀಠಿ ಮಾಹಿಮ್ ಖಾಡಿಗೆ. ಆ ಅಂಚಿನಲ್ಲಿ ಕಾಂಡ್ಲಾ ಗಿಡಗಳು, ಅವುಗಳ ಬುಡದಲ್ಲಿ ಕಪ್ಪು ಕೆಸರು. ಅಲ್ಲಿ ಚಳಿ ಮಾಡುವ ಕಾವಲನ್ನು ಇಲ್ಲಿ ಉಬ್ಬರದ ನೀರು ಮಾಡುತ್ತದೆ. ಅದು ಕೆಸರಿಗೆ ಆಮ್ಲಜನಕ ಇಳಿಯಗೊಡುವುದಿಲ್ಲ. ಬಿದ್ದ ಎಲೆ, ಸತ್ತ ಬೇರು ಬಲು ನಿಧಾನವಾಗಿ ಕೊಳೆಯುತ್ತವೆ. ಉಪ್ಪುನೀರಿನಲ್ಲಿರುವ ಸಲ್ಫೇಟ್ ಮೀಥೇನನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಗಿಡ ಕಡಿದು, ಕೆಸರು ಅಗೆದು ಗಾಳಿಗೆ ತೆರೆದಿಟ್ಟರೆ ಶತಮಾನಗಳ ಉಳಿತಾಯ ಹೊಗೆಯಿಲ್ಲದೆ ಉರಿದುಹೋಗುತ್ತದೆ.

ನಾನು ದಿನಾ ಹೋಗುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎದ್ದಿರುವುದೇ ಮೀಠಿಯ ಜೌಗು ತುಂಬಿಸಿ. 2005ರ ಜುಲೈ 26ರಂದು ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅಂದಿನಿಂದ ಕಾಂಡ್ಲಾ ಅಂದರೆ ನೆರೆ ತಡೆಯುವ ಬೇಲಿ ಎಂಬುದು ಜನಕ್ಕೆ ತಿಳಿಯಿತು. ಆ ವರ್ಷವೇ ಬಾಂಬೆ ಹೈಕೋರ್ಟ್ ಅವನ್ನು ಕಡಿಯದಂತೆ ತಡೆ ಹಾಕಿತು. 2018ರಲ್ಲಿ ಅಂತಿಮ ತೀರ್ಪೂ ಬಂತು. ಆದರೂ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಕಾಂಡ್ಲಾ ಇನ್ನೂ ಸೊಳ್ಳೆಯ ತವರು. ಅದರ ಬುಡದ ಇಂಗಾಲದ ಮಾತು ಎತ್ತಿದರೆ, “ಸಾಬ್, ಪಾರ್ಕಿಂಗ್ ವಿಷಯಕ್ಕೆ ಬನ್ನಿ” ಅನ್ನುತ್ತಾರೆ.

ನನ್ನ ಅಜ್ಜಿಯ ಊರು ಕುಮಟಾ ಹತ್ತಿರ, ಅಘನಾಶಿನಿ ದಂಡೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಒಡ್ಡಿನ ಪಕ್ಕದ ಕಾಂಡ್ಲಾಕ್ಕೆ ಕತ್ತಿ ಹಚ್ಚಿದರೆ ಅಜ್ಜಿ ಬೈಯುತ್ತಿದ್ದಳು: “ಅದು ಹೋದ್ರೆ ಒಡ್ಡೂ ಹೋತು.” 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ತಾಣದ ಮಾನ್ಯತೆ ಸಿಕ್ಕಿತು. ಇಂಗಾಲದ ಹೆಸರೇ ಕೇಳದ ಅಜ್ಜಿ ಕಾಯ್ದದ್ದೂ ಅದನ್ನೇ.

ಸೈಬೀರಿಯಾದ ನೆಲಕ್ಕೆ ಮತ್ತೆ ಚಳಿ ಕೊಡಲು ಇಡೀ ಜಗತ್ತು ತನ್ನ ಹೊಗೆ ಇಳಿಸಬೇಕು. ಮೀಠಿಯ ಕೆಸರಿನ ಬೇಡಿಕೆ ಅಷ್ಟು ದೊಡ್ಡದಲ್ಲ. ಅದಕ್ಕೆ ಬೇಕಾದ ಕಾವಲುಗಾರ ದಿನಕ್ಕೆರಡು ಸಲ ಸಮುದ್ರದಿಂದ ತಾನಾಗಿಯೇ ಬರುತ್ತಾನೆ. ಅವನ ದಾರಿಗೆ ನಾವು ಲಾರಿಗಟ್ಟಲೆ ಕಟ್ಟಡದ ಕಸ ಸುರಿಯದಿದ್ದರೆ ಸಾಕು.